ವ್ಯಾಸಪೀಠ, ಘಾಟಿ ರಸ್ತೆ ಮತ್ತು ಏಳನೇ ಕ್ಲಾಸಿನ ಕೋನಗಳು

ದಸರಾ ರಜೆಗೆ ಅಕ್ಕನ ಮಗಳು ಊರಿಗೆ ಬಂದಿದ್ದಳು. ಏಳನೇ ಕ್ಲಾಸು. ಬ್ಯಾಗಿನಲ್ಲಿ ಗಣಿತದ ಕಿರುಪರೀಕ್ಷೆಯ ಉತ್ತರ ಪತ್ರಿಕೆ ಇತ್ತು, ಅದಕ್ಕೆ ಮನೆಯವರ ಸಹಿ ಆಗಬೇಕಿತ್ತು. ಅಮ್ಮನಿಗೆ ತೋರಿಸುವ ಮುಂಚೆ ನನ್ನ ಹತ್ತಿರ ತಂದಳು. 'ಚಿಕ್ಕಿ, ನೀನು ಒಂದ್ಸಲ ನೋಡು, ಆಮೇಲೆ ಅಮ್ಮಂಗೆ ಕೊಡ್ತೀನಿ' ಅಂದಳು.

ಮೂರನೇ ಪ್ರಶ್ನೆ: ಶೃಂಗಾಭಿಮುಖ ಕೋನಗಳು ಎಂದರೇನು? ಅವಳ ಉತ್ತರ ಅಚ್ಚುಕಟ್ಟಾಗಿತ್ತು. ಎರಡು ಸರಳರೇಖೆಗಳು ಪರಸ್ಪರ ಛೇದಿಸಿದಾಗ ಉಂಟಾಗುವ ಎದುರುಬದುರು ಕೋನಗಳು, ಅವು ಸಮವಾಗಿರುತ್ತವೆ. 2ಕ್ಕೆ 2 ಅಂಕ. ನಾಲ್ಕನೇ ಪ್ರಶ್ನೆಯಲ್ಲಿ ಚಿತ್ರ. ಎರಡು ಗೆರೆಗಳು ಕತ್ತರಿಯ ಹಾಗೆ ಒಂದನ್ನೊಂದು ದಾಟಿವೆ, ಒಂದು ಕೋನ 50 ಡಿಗ್ರಿ, ಉಳಿದ ಮೂರನ್ನು ಬರೆಯಬೇಕು. ಇವಳು ಎದುರಿನ ಕೋನಕ್ಕೆ 130 ಅಂತ ಬರೆದು, ಪಕ್ಕದ ಎರಡಕ್ಕೂ 50 ಹಾಕಿದ್ದಳು. ಅಲ್ಲಿ ಸೊನ್ನೆ.

ನಾನು ಆ ಚಿತ್ರವನ್ನೇ ತುಂಬ ಹೊತ್ತು ನೋಡಿದೆ. ಎದುರಿನ ಕೋನ ಮೊದಲನೆಯದರಷ್ಟೇ ಸಪೂರ. ಪಕ್ಕದವು ಎರಡೂ ಅಗಲಕ್ಕೆ ಬಾಯಿ ತೆರೆದುಕೊಂಡಿವೆ. ಲೆಕ್ಕವೇ ಬೇಡ, ಕಣ್ಣೇ ಹೇಳುತ್ತದೆ, ಅಲ್ವಾ? 'ಚಿತ್ರ ನೋಡಿದ್ಯಾ ಪುಟ್ಟಿ?' ಅಂತ ಕೇಳಿದೆ. 'ನೋಡ್ದೆ. ಆದ್ರೆ ಯಾವುದು ಯಾವುದಕ್ಕೆ ಸಮ ಅಂತ ನೆನಪಾಗ್ಲಿಲ್ಲ' ಅಂದಳು.

'ನೆನಪಾಗ್ಲಿಲ್ಲ' ಅನ್ನೋ ಮಾತು ನನ್ನನ್ನು ಬಹಳ ಕಾಡಿತು. ಕಣ್ಣೆದುರು ಇರೋದನ್ನು ನೆನಪಿಂದ ತೆಗೆಯೋಕೆ ಹೊರಟಿದೆ ಮಗು. ತಪ್ಪು ಅವಳದ್ದಲ್ಲ. ಆ ಪಾಠ ಅವಳಿಗೆ ಸಿಕ್ಕಿದ್ದೇ ಹೆಸರುಗಳ ಪಟ್ಟಿಯಾಗಿ. ಪೂರಕ, ಪರಿಪೂರಕ, ಪಾರ್ಶ್ವ, ಸರಳಯುಗ್ಮ, ಶೃಂಗಾಭಿಮುಖ, ಅನುರೂಪ, ಪರ್ಯಾಯ. ಇಷ್ಟೊಂದು ಹೆಸರು, ಒಂದೊಂದಕ್ಕೂ ಒಂದೊಂದು ವ್ಯಾಖ್ಯೆ, ಒಂದೊಂದಕ್ಕೂ 'ಸಮ' ಅಥವಾ 'ಮೊತ್ತ 180' ಅಂತ ಒಂದು ಬಾಲ. ಬಾಲಗಳು ಅದಲು ಬದಲಾದರೆ ಮುಗಿಯಿತು.

ಅವಳ ಮಟ್ಟಿಗೆ ಕೋನ ಅಂದರೆ ಏನು ಅಂತ ತಿಳಿದುಕೊಳ್ಳಬೇಕಿತ್ತು. ಒಂದು ಪ್ರಶ್ನೆ ಕೇಳಿದೆ. ಬಸ್‌ಸ್ಟ್ಯಾಂಡಿನ ದೊಡ್ಡ ಗಡಿಯಾರ, ನನ್ನ ಕೈಗಡಿಯಾರ, ಎರಡರಲ್ಲೂ ಸರಿಯಾಗಿ ಮೂರು ಗಂಟೆ. ಮುಳ್ಳುಗಳ ನಡುವಿನ ಕೋನ ಯಾವುದರಲ್ಲಿ ದೊಡ್ಡದು? ಸ್ವಲ್ಪವೂ ತಡವಿಲ್ಲದೆ ಹೇಳಿದಳು: 'ಬಸ್‌ಸ್ಟ್ಯಾಂಡಿಂದು.' ಯಾಕೆ? 'ಮುಳ್ಳು ಉದ್ದ ಇದೆಯಲ್ಲ.'

ಮಕ್ಕಳಿಗೆ ಪಾಠ ಹೇಳಿದವರಿಗೆ ಈ ಉತ್ತರ ಹೊಸದಲ್ಲ. ಬಾಹು ಉದ್ದವಾದರೆ ಕೋನವೂ ದೊಡ್ಡದು ಅಂತ ಮಕ್ಕಳಿಗೆ ಅನಿಸುತ್ತದೆ, ಯಾಕೆಂದರೆ ಹಾಳೆಯ ಮೇಲೆ ಅದು ಜಾಸ್ತಿ ಜಾಗ ಹಿಡಿಯುತ್ತದೆ. ನನಗನಿಸುವಂತೆ ಇದರಲ್ಲಿ ನಮ್ಮ ಮಾತಿನ ಪಾಲೂ ಇದೆ. ಮನೆಯಲ್ಲಿ ಕೋನಕ್ಕೆ ನಾವು ಹೇಳೋದು ಮೂಲೆ ಅಂತ. ಮೂಲೆ ಅಂದರೆ ಪೊರಕೆ ಇಡೋ ಜಾಗ, ಜೇಡ ಬಲೆ ಕಟ್ಟೋ ಜಾಗ. ದೊಡ್ಡ ಕೋಣೆಗೆ ದೊಡ್ಡ ಮೂಲೆ. ಆದರೆ ಗಣಿತದ ಕೋನ ಜಾಗವಲ್ಲ, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಹೋಗಲು ಎಷ್ಟು ತಿರುಗಬೇಕು ಅನ್ನೋ ಲೆಕ್ಕ. ಅದಕ್ಕೆ ನಮ್ಮಲ್ಲಿ ಚೆಂದದ ಶಬ್ದವೇ ಇದೆ: ತಿರುವು. ಬಾಗಿಲು ಎಷ್ಟು ತೆರೆದಿದೆ ಅಂತ ಕೇಳುವಾಗ ಬಾಗಿಲ ಅಗಲ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಹನ್ನೆರಡರಲ್ಲಿದ್ದ ಮುಳ್ಳು ಮೂರಕ್ಕೆ ಬರಲು ಕಾಲು ಸುತ್ತು ಬೇಕು. ಮುಳ್ಳು ಬೆರಳಷ್ಟಿರಲಿ, ಆಳೆತ್ತರ ಇರಲಿ, ಕಾಲು ಸುತ್ತು ಕಾಲು ಸುತ್ತೇ. ಇಡೀ ಸುತ್ತು 360, ಅರ್ಧ ಸುತ್ತು 180, ಕಾಲು ಸುತ್ತು 90. ಇಷ್ಟು ಗಟ್ಟಿಯಾದರೆ ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ ಅನ್ನೋದು ನನ್ನ ನಂಬಿಕೆ.

ಮಾರನೇ ದಿನ ಅವಳನ್ನು ಅಟ್ಟಕ್ಕೆ ಕರೆದುಕೊಂಡು ಹೋದೆ. ಅಜ್ಜನ ವ್ಯಾಸಪೀಠ ಅಲ್ಲಿತ್ತು. ನೋಡಿರದವರಿಗೆ ಹೇಳುತ್ತೇನೆ: ದೊಡ್ಡ ಪುಸ್ತಕ ಇಟ್ಟು ಓದುವ ಮರದ ಪೀಠ ಅದು. ಎರಡು ಹಲಗೆಗಳು ನಡುವೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ, ಬಿಡಿಸಿ ನೆಲದ ಮೇಲಿಟ್ಟರೆ ಮೇಲೆ ಪುಸ್ತಕಕ್ಕೆ ತೊಟ್ಟಿಲು, ಕೆಳಗೆ ನಿಲ್ಲಲು ಕಾಲು. ಅಜ್ಜ ಸಂಜೆ ಅದರ ಮೇಲೆ ಭಾರತ ಇಟ್ಟುಕೊಂಡು ಓದುತ್ತಿದ್ದರು. ನಮ್ಮನೆಯದ್ದು ಹಲಸಿನ ಮರದ್ದು, ಅಂಚೆಲ್ಲ ಕೈತಾಗಿ ನುಣುಪಾಗಿದೆ. ಧೂಳು ಒರೆಸಿ ಅವಳ ಕೈಗೆ ಕೊಟ್ಟೆ. ಮೆಲ್ಲಗೆ ತೆರೆ ಅಂದೆ.

ಮೇಲಿನ ಬಾಯಿ ಅಗಲವಾಗುತ್ತಿದ್ದ ಹಾಗೆ ಕೆಳಗಿನ ಬಾಯಿಯೂ ಅಗಲವಾಯಿತು. ಮುಚ್ಚಿದಳು, ಎರಡೂ ಸಪೂರವಾದವು. ಮತ್ತೆ ತೆರೆದಳು. ಮೇಲಿನದನ್ನು ಮಾತ್ರ ತೆರೆದು ಕೆಳಗಿನದನ್ನು ಹಾಗೇ ಇಡೋಕೆ ಆಗುತ್ತಾ ಅಂತ ಕೇಳಿದೆ. ಸುಮ್ನೆ ಹೂಂ ಅನ್ನದೆ ನಿಜಕ್ಕೂ ಪ್ರಯತ್ನ ಮಾಡಿದಳು. ಒಂದು ಹಲಗೆಯನ್ನು ಮೊಣಕಾಲಿನಡಿ ಒತ್ತಿ ಹಿಡಿದು ಇನ್ನೊಂದನ್ನು ಎಳೆದಳು. ಆಗಲಿಲ್ಲ. 'ಹೇಗಾಗುತ್ತೆ ಚಿಕ್ಕಿ? ಮೇಲಿರೋದೂ ಕೆಳಗಿರೋದೂ ಒಂದೇ ಹಲಗೆ. ಮೇಲೆ ಎಷ್ಟು ತಿರುಗುತ್ತೋ ಕೆಳಗೂ ಅಷ್ಟೇ ತಿರುಗ್ಬೇಕಲ್ಲ.'

ಇದಕ್ಕಿಂತ ಚೆನ್ನಾಗಿ ನಾನೇನು ಹೇಳಲಿ! ಶೃಂಗಾಭಿಮುಖ ಕೋನಗಳು ಸಮ ಅನ್ನೋದು ಇಷ್ಟೇ. ಆಮೇಲೆ ಹೆಸರಿನ ವಿಚಾರಕ್ಕೆ ಬಂದೆವು. ಶೃಂಗ ಅಂದರೆ ಶಿಖರ, ಕೊಂಬು, ತುದಿ. ಶೃಂಗೇರಿಯ ಶೃಂಗವೇ. ಅಭಿಮುಖ ಅಂದರೆ ಎದುರಾಗಿ ಮುಖ ಮಾಡಿದ್ದು. ಗೆರೆಗಳು ಸೇರುವ ತುದಿಯ ಆಚೆ ಈಚೆ ಕೂತು ಒಬ್ಬರನ್ನೊಬ್ಬರು ನೋಡುವ ಕೋನಗಳು. ಹೆಸರು ಎಷ್ಟು ಚೆನ್ನಾಗಿದೆ ನೋಡಿ, ಆದರೆ ವಸ್ತುವನ್ನು ನೋಡಿದ ಮೇಲೆ ಬಂದರೆ ಮಾತ್ರ ಅದು ಚೆಂದ.

ಪುಸ್ತಕದ ಸಾಧನೆಯೂ, ಅಂದರೆ ಯಾಕೆ ಹಾಗೆ ಅಂತ ತೋರಿಸುವ ತರ್ಕವೂ ಬೇಕು, ಅದನ್ನು ಬಿಡಬಾರದು. ಒಂದು ಹಲಗೆಯ ಉದ್ದಕ್ಕೆ ನೋಡಿದರೆ ಮೇಲಿನ ಕೋನ ಮತ್ತು ಪಕ್ಕದ ಕೋನ ಸೇರಿ ಅರ್ಧ ಸುತ್ತು, 180. ಇನ್ನೊಂದು ಹಲಗೆಯ ಉದ್ದಕ್ಕೆ ಅದೇ ಪಕ್ಕದ ಕೋನ ಮತ್ತು ಕೆಳಗಿನ ಕೋನ ಸೇರಿ 180. ಪಕ್ಕದ್ದು ಇಬ್ಬರಿಗೂ ಒಂದೇ. ಹಾಗಾದರೆ ಮೇಲಿನದೂ ಕೆಳಗಿನದೂ ಸಮವಾಗಲೇಬೇಕು. ಕ್ರಿ.ಪೂ. 300ರ ಸುಮಾರಿನಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಮೊದಲ ಭಾಗದಲ್ಲಿ 15ನೆಯದಾಗಿ ಸಾಧಿಸಿದ್ದು ಇದನ್ನೇ. ಅವನಿಗಿಂತ ಎಷ್ಟೋ ಮುಂಚೆ ಥೇಲ್ಸ್ ಅನ್ನೋ ಗ್ರೀಕ್ ಚಿಂತಕ ಇದನ್ನು ಕಂಡುಕೊಂಡಿದ್ದ ಅಂತ ಹಳೆಯ ಗ್ರೀಕ್ ಬರಹಗಾರರು ಹೇಳುತ್ತಾರೆ. ಕಂಡದ್ದು ಒಂದು, ಯಾಕೆ ಹಾಗೆ ಅಂತ ಹೇಳಿದ್ದು ಇನ್ನೊಂದು. ಪುಟ್ಟಿಗೂ ಅದೇ ಕ್ರಮದಲ್ಲಿ ಆಯಿತು.

ಸರಳಯುಗ್ಮ ಅನ್ನೋ ಹೆಸರು ಹೇಳುವ ಮೊದಲೇ ಅದು ಅವಳ ಕೈಗೆ ಬಂದಿತ್ತು, ಒಂದು ಗೆರೆಯ ಮೇಲೆ ಅಕ್ಕಪಕ್ಕ ಕೂತು ಅರ್ಧ ಸುತ್ತು ಹಂಚಿಕೊಂಡ ಎರಡು ಕೋನ. ಕೋನಮಾಪಕ ತೆಗೆದು ತೋರಿಸಿದೆ. ಅದರಲ್ಲಿ ಒಂದೊಂದು ಗುರುತಿಗೂ ಎರಡೆರಡು ಸಂಖ್ಯೆ ಇರುತ್ತವಲ್ಲ, 50ರ ಜೊತೆ 130, 60ರ ಜೊತೆ 120. ಎಷ್ಟೋ ಮಕ್ಕಳು ಸಪೂರ ಕೋನಕ್ಕೆ 130 ಅಂತ ಓದುವುದು ಇಲ್ಲೇ. ಆದರೆ ಆ ಎರಡು ಸಂಖ್ಯೆಗಳು ಸುಮ್ನೆ ಬಂದದ್ದಲ್ಲ. ಬಲಗಡೆಯಿಂದ ತಿರುಗಿದ್ದು ಒಂದು, ಎಡಗಡೆಯಿಂದ ತಿರುಗಿದ್ದು ಇನ್ನೊಂದು, ಕೂಡಿದರೆ ಯಾವಾಗಲೂ 180. ಕೋನಮಾಪಕವೇ ಸರಳಯುಗ್ಮಗಳ ಪಟ್ಟಿ. ಪೂರಕ, ಪರಿಪೂರಕಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಪೂರಕ ಕಾಲು ಸುತ್ತನ್ನು ತುಂಬುತ್ತದೆ, 'ಪರಿ' ಸೇರಿದ್ದು ಅರ್ಧ ಸುತ್ತನ್ನು ತುಂಬುತ್ತದೆ, ಅವು ಪಕ್ಕಪಕ್ಕ ಇರಬೇಕು ಅಂತೇನೂ ಇಲ್ಲ.

ಅಟ್ಟದಲ್ಲಿ ಕೂತಿದ್ದರಿಂದ ಇನ್ನೊಂದು ಲಾಭವಾಯಿತು. ತಲೆ ಎತ್ತಿದರೆ ಹೆಂಚಿನ ಮಾಡು. ನಮ್ಮನೆ ಮಾಡು ನಾಲ್ಕೂ ಕಡೆ ಇಳಿಜಾರು. ಎರಡು ಇಳಿಜಾರು ಕೂಡುವ ಮೂಲೆಯಲ್ಲಿ ದಪ್ಪ ಮರವೊಂದು ಓರೆಯಾಗಿ ಇಳಿಯುತ್ತದೆ. ಹೆಂಚು ಕೂರಿಸುವ ರೀಪುಗಳು ಒಂದರ ಕೆಳಗೊಂದು ಸಾಲಾಗಿ ಬಂದು ಆ ಓರೆ ಮರಕ್ಕೆ ಮುಟ್ಟಿ ನಿಲ್ಲುತ್ತವೆ. ಒಂದೊಂದರ ತುದಿಯೂ ಓರೆಯಾಗಿ ಕೊಯ್ದದ್ದು, ಎಲ್ಲದರ ಓರೆಯೂ ಒಂದೇ. ಕೆಲವು ವರ್ಷದ ಹಿಂದೆ ಮಾಡು ಬಿಚ್ಚಿ ಹೊಸದಾಗಿ ಕಟ್ಟಿಸಿದಾಗ ಆಚಾರಿ ಕೆಲಸ ಮಾಡುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಮೊದಲ ರೀಪನ್ನು ಮರಕ್ಕೆ ಹಿಡಿದು, ಗೆರೆ ಎಳೆದು, ಕೊಯ್ದು ನೋಡಿದರು. ಸರಿ ಕೂತಿತು. ಆಮೇಲೆ ಅಳೆಯಲೇ ಇಲ್ಲ. ಕೊಯ್ದ ತುಂಡನ್ನೇ ಅಚ್ಚಾಗಿ ಇಟ್ಟುಕೊಂಡು ಉಳಿದ ಎಲ್ಲ ರೀಪಿನ ತುದಿಗೂ ಅದೇ ಓರೆ ಕೊಟ್ಟರು.

ಸಮಾಂತರ ರೇಖೆಗಳು, ಅವನ್ನು ದಾಟುವ ಗೆರೆ ಅಂದರೆ ಒಂದು ಛೇದಕ, ಒಂದೊಂದು ರೇಖೆಯ ಹತ್ತಿರವೂ ಅದೇ ಜಾಗದಲ್ಲಿ ಕೂತ ಅನುರೂಪ ಕೋನಗಳು. ಪುಸ್ತಕದಲ್ಲಿ ಎಂಟು ಕೋನಕ್ಕೆ ಎಂಟು ಸಂಖ್ಯೆ ಹಾಕಿ ಬೆಚ್ಚಿಬೀಳಿಸುವ ಚಿತ್ರ ಇದೇ. ಪುಟ್ಟಿಗೆ ಹೇಳಿದೆ, ನೀನು ಇರುವೆ ಅಂದುಕೋ, ಓರೆ ಮರದ ಮೇಲೆ ಇಳಿಯುತ್ತಿದ್ದೀಯ, ಮೊದಲ ರೀಪು ಸಿಕ್ಕಿತು, ಅದರ ಮೇಲೆ ಹೋಗಲು ಇಷ್ಟು ತಿರುಗಬೇಕು. ಅದನ್ನು ಬಿಟ್ಟು ಎರಡನೇ ರೀಪಿಗೆ ಬಂದೆ. ಈಗ ಎಷ್ಟು ತಿರುಗಬೇಕು? 'ಅಷ್ಟೇ, ಎರಡು ರೀಪೂ ಒಂದೇ ಕಡೆ ಹೋಗ್ತಿವೆಯಲ್ಲ' ಅಂದಳು. ಒಂದೇ ಕಡೆಗೆ ಹೋಗುವ ಗೆರೆಗಳಿಗೆ ಒಂದೇ ತಿರುವು. ಎರಡು ಗೆರೆಗಳ ನಡುವೆ, ಛೇದಕದ ಆಚೆ ಒಂದು ಈಚೆ ಒಂದು ಕೂತ ಪರ್ಯಾಯ ಕೋನಗಳನ್ನು ಬೇರೆಯಾಗಿ ಕಲಿಯುವ ಅಗತ್ಯವೇ ಬರಲಿಲ್ಲ. ಅನುರೂಪ ಕೋನಕ್ಕೆ ವ್ಯಾಸಪೀಠದ ಮಾತು ಸೇರಿಸಿದರೆ ಪರ್ಯಾಯ ಕೋನ ಸಿಕ್ಕಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 'ಝಡ್ ಆಕಾರ ಕಂಡರೆ ಸಮ' ಅಂತ ಕಲಿಸುವ ಪದ್ಧತಿ ಇದೆ. ಬೇಗ ಅಂಕ ಬರುತ್ತದೆ, ನಿಜ. ಆದರೆ ಗೆರೆಗಳು ಸಮಾಂತರವಾಗಿಲ್ಲದಿದ್ದರೂ ಝಡ್ ಕಾಣುತ್ತದೆ! ಸ್ವಲ್ಪ ಸೊಟ್ಟ ಝಡ್. ಆಗಲೂ ಮಗು ಸಮ ಅಂತ ಬರೆದು ಬರುತ್ತದೆ. ಪರ್ಯಾಯ ಅನ್ನೋದು ಜಾಗದ ಹೆಸರು, ಸಮವಾಗೋದು ಗೆರೆಗಳು ಒಂದೇ ಕಡೆ ಹೋಗುತ್ತಿದ್ದರೆ ಮಾತ್ರ. ಒಂದು ರೀಪು ಜಾರಿ ಸೊಟ್ಟಗಾದರೆ ಅಚ್ಚಿನ ತುಂಡು ಅಲ್ಲಿ ಕೂರುವುದೇ ಇಲ್ಲ, ಆಚಾರಿಗೆ ತಕ್ಷಣ ಗೊತ್ತಾಗುತ್ತದೆ. ಮಕ್ಕಳಿಗೂ ಅದೇ ಗೊತ್ತಾಗಬೇಕು ಅಂತ ನನ್ನ ಆಸೆ.

ಸಂಜೆ ಅಂಗಳಕ್ಕೆ ಇಳಿದೆವು. ಹಗ್ಗ ಹಿಡಿದು ಮೂರೂ ಬದಿ ಒಂದೇ ಅಳತೆಯ ದೊಡ್ಡ ತ್ರಿಕೋನವನ್ನು ರಂಗೋಲಿ ಪುಡಿಯಲ್ಲಿ ಹಾಕಿದೆವು, ಒಂದೊಂದು ಬದಿ ಎಂಟು ಹೆಜ್ಜೆಯಷ್ಟು. ಸಮಬಾಹು ತ್ರಿಭುಜ, ಒಂದೊಂದು ಕೋನ 60 ಅಂತ ಅವಳಿಗೆ ಗೊತ್ತಿತ್ತು. ಗೆರೆಯ ಮೇಲೆ ನಡಿ, ಮೂಲೆ ಬಂದಾಗ ಎಷ್ಟು ತಿರುಗಬೇಕು ಹೇಳು ಅಂದೆ. '60.' ಸರಿ, 60 ತಿರುಗು ಅಂದೆ. ಕೈ ಮುಂದಕ್ಕೆ ಚಾಚಿಕೊಂಡೇ ನಡೆದು, ಮೂಲೆಯಲ್ಲಿ 60 ತಿರುಗಿ ಮುಂದಕ್ಕೆ ಹೊರಟಳು. ನಾಲ್ಕು ಹೆಜ್ಜೆಗೆ ತುಳಸಿಕಟ್ಟೆ ಹತ್ತಿರ ಇದ್ದಳು, ರಂಗೋಲಿ ಗೆರೆ ಎಲ್ಲೋ ಹಿಂದೆ ಉಳಿದಿತ್ತು. ನಿಂತು ತಿರುಗಿ ನೋಡಿದಳು. ಮತ್ತೆ ಮೂಲೆಗೆ ಹೋದಳು. ಈ ಸಲ ಗೆರೆ ಸಿಗುವ ತನಕ ತಿರುಗಿದಳು, ನಿಧಾನಕ್ಕೆ, ಕಾಲು ಸುತ್ತನ್ನೂ ದಾಟಿ. 'ಇದು 60 ಅಲ್ಲ ಚಿಕ್ಕಿ, ತುಂಬ ಜಾಸ್ತಿ ಇದೆ.'

ಆ ಮೂಲೆಯಲ್ಲಿ ನೆಟ್ಟಗೆ ಹೋಗಿದ್ದರೆ ಯಾವ ದಾರಿಯೋ, ಅದರಿಂದ ಹೊಸ ಗೆರೆಗೆ ಎಷ್ಟೋ, ಅದು ಅವಳ ತಿರುವು. ಒಳಗಿನ ಕೋನ 60, ತಿರುವು 120, ಎರಡೂ ಸೇರಿ 180. ಬೆಳಿಗ್ಗೆ ನೋಡಿದ ಸರಳಯುಗ್ಮವೇ. ಪುಸ್ತಕ ಇದನ್ನು ಬಾಹ್ಯಕೋನ ಅನ್ನುತ್ತದೆ. ಆಗ ಅವಳಿಗೆ ಆಗುಂಬೆ ಘಾಟಿ ನೆನಪಾಯಿತು. 14 ಹೇರ್‌ಪಿನ್ ತಿರುವುಗಳಲ್ಲೂ ಹೊಟ್ಟೆ ತೊಳಸಿಕೊಂಡು ಬಂದವಳು ಅವಳು, ಮರೆಯುವುದುಂಟೇ? ಹೇರ್‌ಪಿನ್‌ನಲ್ಲಿ ಮೇಲಿನ ರಸ್ತೆ, ಕೆಳಗಿನ ರಸ್ತೆ ಒಂದಕ್ಕೊಂದು ಅಂಟಿಕೊಂಡ ಹಾಗಿರುತ್ತವೆ, ಅವುಗಳ ನಡುವಿನ ಕೋನ ತೀರಾ ಸಪೂರ. ಆದರೆ ಡ್ರೈವರ್ ಸ್ಟೇರಿಂಗ್ ಅತಿ ಹೆಚ್ಚು ತಿರುಗಿಸಬೇಕಾದ ಜಾಗವೂ ಅದೇ, ಹೆಚ್ಚುಕಡಿಮೆ ಅರ್ಧ ಸುತ್ತು. ಕೋನ ಕಿರಿದಾದಷ್ಟೂ ತಿರುವು ಹಿರಿದು. ಇದನ್ನು ಅವಳೇ ಹೇಳಿದಳು, ನಾನಲ್ಲ.

ಮೂರೂ ಮೂಲೆ ತಿರುಗಿ ಹೊರಟಲ್ಲಿಗೆ ಬಂದಾಗ ಅವಳ ಮುಖ ಮೊದಲು ಎತ್ತ ಇತ್ತೋ ಮತ್ತೆ ಅತ್ತಲೇ ಇತ್ತು. ಒಟ್ಟು ತಿರುಗಿದ್ದು ಒಂದು ಪೂರ್ತಿ ಸುತ್ತು. ರಂಗೋಲಿ ಅಳಿಸಿ ಸೊಟ್ಟಪಟ್ಟ ತ್ರಿಕೋನ ಹಾಕಿದೆವು, ಉದ್ದದ್ದು, ಗಿಡ್ಡದ್ದು. ಆಗಲೂ ಒಂದೇ ಸುತ್ತು. ಜಗಲಿಯಲ್ಲಿ ಕೂತು ಲೆಕ್ಕ ಹಾಕಿದಳು. ಒಂದೊಂದು ಮೂಲೆಯಲ್ಲೂ ಒಳಕೋನ ಮತ್ತು ತಿರುವು ಸೇರಿ 180, ಮೂರು ಮೂಲೆಗೆ 540. ಅದರಲ್ಲಿ ತಿರುವಿನ ಪಾಲು 360. ಉಳಿದದ್ದು 180.

ತ್ರಿಭುಜದ ಮೂರು ಕೋನಗಳ ಮೊತ್ತ 180 ಅಂತ ಅವಳು ಎಷ್ಟು ಸಲ ಬರೆದಿದ್ದಳೋ. ಅವತ್ತು ಅದು ಅವಳ ಕಾಲಿನಿಂದ ಬಂತು. ತಕ್ಷಣ ನಾಲ್ಕು ಮೂಲೆಯ ಆಕಾರಕ್ಕೆ ಹೋದಳು: 720ರಲ್ಲಿ 360 ಕಳೆದರೆ 360. ಐದು ಮೂಲೆಗೆ 540. ನಾನು ಹತ್ತು ಮೂಲೆಗೆ ಎಷ್ಟು ಅಂದೆ. ಬೆರಳಲ್ಲಿ ನೆಲದ ಮೇಲೆ ಬರೆದು 1440 ಅಂದಳು. ಆ ಸೂತ್ರ ಅವಳಿಗೆ ಯಾರೂ ಇನ್ನೂ ಹೇಳಿಕೊಟ್ಟಿಲ್ಲ. ಅವಳ ಮುಖ ನೋಡಿ ನನಗೆ ನಿಜವಾಗಲೂ ಕಣ್ಣು ತುಂಬಿ ಬಂತು.

ರಾತ್ರಿ ಊಟ ಆದಮೇಲೆ ಅವಳಿಗೆ ಒಂದು ಕತೆ ಹೇಳಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಅನ್ನೋ ಇಂಗ್ಲಿಷ್ ಅಧಿಕಾರಿಗೆ ಇಡೀ ನಾಡನ್ನು ಅಳೆಯಬೇಕು ಅನಿಸಿತು. 1800ರಲ್ಲಿ ಬೆಂಗಳೂರಿನ ಹತ್ತಿರ ನೆಲದ ಮೇಲೆ ಸರಪಳಿ ಹಿಡಿದು ಏಳು ಮೈಲಿಗೂ ಉದ್ದದ ಒಂದು ಗೆರೆ ಅಳೆದ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಇನ್ನೊಂದು ಗೆರೆ ಶುರು ಮಾಡಿದ. ಗುಡ್ಡ, ಹಳ್ಳ, ಕಾಡಿನ ಮೇಲೆಲ್ಲ ಸರಪಳಿ ಎಳೆಯೋಕೆ ಆಗಲ್ಲವಲ್ಲ. ಒಂದು ಬದಿ ಸಿಕ್ಕಮೇಲೆ ಆಮೇಲಿನ ಕೆಲಸವೆಲ್ಲ ಕೋನಗಳದ್ದು. ಒಂದು ಗುಡ್ಡದ ತುದಿಯಿಂದ ಇನ್ನೆರಡು ಗುಡ್ಡದ ತುದಿ ನೋಡಿ, ಕೋನ ಅಳೆದು, ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತಾ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿ ತನಕ ಬಂದರು. ಕೋನ ಅಳೆಯುವ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಕ. ಅದನ್ನು ಹೊತ್ತು ಗುಡ್ಡ ಹತ್ತಿದವರು ನಮ್ಮವರೇ, ಅವರ ಹೆಸರುಗಳು ಎಲ್ಲೂ ಉಳಿದಿಲ್ಲ ಅನ್ನೋದು ನನಗೆ ತುಂಬ ಬೇಜಾರಿನ ವಿಷಯ. ಮದ್ರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಅಂತ ತೋರಿಸುತ್ತಿದ್ದ ಹಳೆಯ ನಕ್ಷೆಗಳು ತಪ್ಪು, ನಿಜಕ್ಕೂ 360 ಅಂತ ಗೊತ್ತಾಗಿದ್ದು ಹೀಗೆ.

ಎರಡು ಕೋನ ಗೊತ್ತಾದರೆ ಮೂರನೆಯದನ್ನು 180ರಿಂದ ಕಳೆದು ಪಡೆಯಬಹುದು. ಆದರೂ ಅಳೆಯುವವರು ಸಾಧ್ಯವಾದಲ್ಲೆಲ್ಲ ಮೂರನೇ ಗುಡ್ಡಕ್ಕೂ ಹತ್ತಿ ಮೂರನೆಯದನ್ನೂ ಅಳೆಯುತ್ತಿದ್ದರು. 'ಯಾಕೆ, ಗೊತ್ತಿತ್ತಲ್ಲ?' ಅಂದಳು ಪುಟ್ಟಿ. ತಾಳೆ ನೋಡೋಕೆ. ಮೂರನ್ನೂ ಕೂಡಿದಾಗ 180 ಬರದಿದ್ದರೆ ಎಲ್ಲೋ ಅಳತೆ ತಪ್ಪಿದೆ ಅಂತ ಅರ್ಥ. ಮತ್ತೆ ಇನ್ನೊಂದು ಸೂಕ್ಷ್ಮ ಇದೆ. ಅಷ್ಟು ದೊಡ್ಡ ತ್ರಿಕೋನದಲ್ಲಿ ಮೊತ್ತ ಸರಿಯಾಗಿ 180 ಇರುವುದೇ ಇಲ್ಲ, ಭೂಮಿ ಗುಂಡಗಿರುವುದರಿಂದ ಒಂದು ಚೂರು ಜಾಸ್ತಿ ಬರುತ್ತದೆ. ಸುಮಾರು 200 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಷ್ಟು, ಅಂದರೆ ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಅದರಲ್ಲಿ ಒಂದು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತಾಳೆ ನೋಡಬೇಕು.

'180ಕ್ಕಿಂತ ಜಾಸ್ತಿನಾ? ಪುಸ್ತಕದಲ್ಲಿ ಹಾಗಿಲ್ಲ.' ಪುಸ್ತಕದ ಹಾಳೆ ಚಪ್ಪಟೆ ಅಂದೆ.

ಎದ್ದು ಹೋಗಿ ತಮ್ಮನ ರಬ್ಬರ್ ಚೆಂಡು ತಂದಳು. ಅದರ ನೆತ್ತಿಯಿಂದ ಹೊಟ್ಟೆಯ ತನಕ ಸ್ಕೆಚ್ ಪೆನ್ನಲ್ಲಿ ನೇರ ಗೆರೆ ಎಳೆಸಿದೆ. ಅಲ್ಲಿ ಕಾಲು ಸುತ್ತು ತಿರುಗಿ, ಹೊಟ್ಟೆಯ ಉದ್ದಕ್ಕೆ ಚೆಂಡಿನ ಕಾಲು ಭಾಗ ಹೋಗು. ಮತ್ತೆ ಕಾಲು ಸುತ್ತು ತಿರುಗಿ ನೆತ್ತಿಗೆ ಹತ್ತು. ಮೂರು ಗೆರೆಯ ಮುಚ್ಚಿದ ಆಕಾರ, ಮೂರೂ ಮೂಲೆಯಲ್ಲಿ ಲಂಬಕೋನ. 90, 90, 90. ಅವಳು ಕೋನಗಳನ್ನು ಕೂಡಲಿಲ್ಲ, ತಿರುವುಗಳನ್ನು ಕೂಡಿದಳು. ಪೆನ್ನಿನ ಮೂತಿಯನ್ನೇ ತನ್ನ ಮುಖ ಅಂದುಕೊಂಡು ಗೆರೆಯ ಮೇಲೆ ನಡೆಸಿದಳು, ತಿರುಗಿಸಿದಳು, ಮತ್ತೆ ನಡೆಸಿದಳು. 'ತಿರುವು 270 ಅಷ್ಟೇ ಆಯ್ತು ಚಿಕ್ಕಿ. ಪೂರ್ತಿ ಸುತ್ತು ಆಗ್ಲೇ ಇಲ್ಲ. ಆದ್ರೂ ಹೊರಟಲ್ಲಿಗೇ ಬಂದೆ, ಮುಖನೂ ಹೊರಟ ಕಡೆಗೇ ಇದೆ.'

ಅಕ್ಕ ಒಳಗಿನಿಂದ ಹತ್ತು ಗಂಟೆ ಆಯ್ತು ಅಂತ ಕೂಗಿದಳು. ಪುಟ್ಟಿ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಅದೇ ದೊಡ್ಡ ತ್ರಿಕೋನದ ಒಳಗೆ ಒಂದು ಸಣ್ಣ ತ್ರಿಕೋನ ಬರೆಯುತ್ತಿದ್ದಳು. ಸಣ್ಣದಾದರೆ 180ಕ್ಕೆ ಹತ್ತಿರ ಬರುತ್ತದಾ ಅಂತ ನೋಡಬೇಕಿತ್ತು ಅವಳಿಗೆ. ಕೋನಮಾಪಕ ಚೆಂಡಿನ ಮೇಲೆ ಸರಿಯಾಗಿ ಕೂರದೆ ಜಾರುತ್ತಿತ್ತು. ನೋಟ್‌ಬುಕ್ಕಿನ ಹಿಂದಿನ ಹಾಳೆ ಹರಿದು, ಅದನ್ನು ಮೂಲೆಗೆ ಒತ್ತಿ ಹಿಡಿದು, ಗುರುತು ಮಾಡಿಕೊಳ್ಳೋಕೆ ಶುರು ಮಾಡಿದಳು.